ಅಂಜಿಕೆಗೊಂದು ಚೌಕ

ಗುಳೇದಗುಡ್ಡ. ಒಂಬತ್ತನೇ ಇಯತ್ತೆ, ಬ ವಿಭಾಗ.
ಆರು ಕಂಪ್ಯೂಟರು, ನಾಲ್ಕಕ್ಕೆ ಜೀವ,
ಅದರಲ್ಲೊಂದಕ್ಕೆ ಮೌಸಿಲ್ಲ.
ಕಿಟಕಿಯಾಚೆ ಯಾರದೋ ಮನೆಯ ಮಗ್ಗ,
ನಾನು ಮಾತು ನಿಲ್ಲಿಸಿದಲ್ಲೆಲ್ಲ
ಖಟಕ್ ಖಟಕ್ ಎಂದು ಮುಂದುವರಿಸುತ್ತದೆ.

ಹಲಗೆಯ ಮೇಲೊಂದು ಚೌಕ ಬರೆದೆ. ಇದು ಊರ ಟಾಕಿ.
ಒಳಗೊಂದು ಬಾಣ, ಬರುವ ನೀರು.
ಹೊರಗೊಂದು ಬಾಣ, ಹೋಗುವ ನೀರು.
ಬಂದದ್ದರಲ್ಲಿ ಹೋದದ್ದು ಕಳೆದರೆ ಉಳಿದದ್ದು,
ಇಷ್ಟೇ ಎಂದೆ.
“ಇಷ್ಟ ಇದ್ರ ಕಂಪ್ಯೂಟರ್ ಯಾಕ್ರೀ ಅಕ್ಕೋರ,
ಬೆರಳು ಸಾಕಲ್ಲ?” ಮುರಿಗೆಪ್ಪ ಉಂಕಿ.
ತರಬೇತಿಯಲ್ಲಿ ಇದಕ್ಕೆ ಉತ್ತರ ಕೊಟ್ಟಿರಲಿಲ್ಲ.

ಆದರೂ ತುಂಬಿದೆವು:
ಮನೆಗೆ ದಿನಕ್ಕೆ ಎಂಟು ಕೊಡ,
ಓಣಿಗೆ ನಲವತ್ತು ಮನೆ,
ನಾಲ್ಕು ದಿನಕ್ಕೊಮ್ಮೆ ನಳ.
ಗುಂಡಿ ಒತ್ತಿದರೆ ಪರದೆಯ ಮೇಲೆ ಗೆರೆ
ಏರಿತು, ಇಳಿಯಿತು, ಏರಿತು,
ಗರಗಸದ ಹಲ್ಲಿನಂತೆ, ಬೇಸರವಿಲ್ಲದೆ, ಒಂದು ವರ್ಷ.
ಗೆರೆಯ ಪ್ರಕಾರ ನಮ್ಮೂರಲ್ಲಿ
ಎಲ್ಲರ ಸ್ನಾನ ಆಗಿತ್ತು.
ತಲೆಗೆ ನೀರು ಕಾಣದ ಹುಡುಗರು ಬಿದ್ದು ಬಿದ್ದು ನಕ್ಕರು.

ಹಿಂದಿನ ಬೆಂಚಿನಿಂದ ಎದ್ದಳು ದಿಲ್ಶಾದ್ ನದಾಫ.
ಅವಳಪ್ಪ ಪುರಸಭೆಯ ನೀರು ಬಿಡುವವ,
ಆಳೆತ್ತರದ ಕೀಲಿ ಸೈಕಲ್ಲಿಗೆ ಕಟ್ಟಿಕೊಂಡು ತಿರುಗುವವ.
ಊರ ಬೈಗುಳವೆಲ್ಲ, ಯಾವ ಮನೆಯದು ಯಾವುದೆಂಬ ಸಮೇತ,
ಅವಳಿಗೆ ಬಾಯಿಪಾಠ.
“ಅಕ್ಕೋರ, ಇದ್ರಾಗ ಅಂಜಿಕಿ ಎಲ್ಲೈತ್ರಿ?”

ನನಗೆ ತಿಳಿಯಲಿಲ್ಲ.

“ಒಂದಿನ ನೀರು ತಡಾ ಆದ್ವು ಅಂದ್ರ
ಮಂದಿ ಒಂದು ಬ್ಯಾರಲ್ ಹೆಚ್ಗಿ ತರ್ತಾರ್ರೀ.
ಬ್ಯಾರಲ್ ಹೆಚ್ಚಾದ್ವು ಅಂದ್ರ ನಮ್ಮಪ್ಪ
ತಾಸಿನ ಬದ್ಲಿ ಎರಡು ತಾಸು ಬಿಡಬೇಕು.
ಟಾಕಿ ಖಾಲಿ. ಮುಂದಿನ ಓಣಿಗೆ ನಾಳೆ.
ಅವರಿಗೂ ಅಂಜಿಕಿ, ಅವರೂ ಬ್ಯಾರಲ್.
ನಳ ಬಂದಾಗ ಹಳೇ ನೀರು ಗಟಾರಕ್ಕ ಚೆಲ್ಲಿ
ಹೊಸಾವು ತುಂಬ್ತಾರ.”

ಖಡು ಅವಳ ಕೈಗೆ ಕೊಟ್ಟೆ.
ಟಾಕಿಗಿಂತ ದೊಡ್ಡ ಚೌಕ ಬರೆದಳು.

“ಅಂಜಿಕಿಗೆ ಮಾಪ ಏನು, ಲೀಟರೋ ಕೊಡಾನೋ?”
ಮುರಿಗೆಪ್ಪನ ತಕರಾರು.
ಬ್ಯಾರಲ್ಲಿನಲ್ಲೇ ಅಳೆಯೋಣವೆಂದು ತೀರ್ಮಾನವಾಗಿ
ಸಂಜೆ ಓಣಿ ಓಣಿ ಹೊಕ್ಕು ಎಣಿಸಿ ಬಂದರು:
ಹಿತ್ತಲಲ್ಲಿ, ಮೆಟ್ಟಿಲಡಿ, ಮಗ್ಗದ ಕುಣಿಯ ಪಕ್ಕ,
ಒಂದು ಮನೆಯಲ್ಲಿ ದೇವರ ಜಗಲಿಯ ಮುಂದೆ.
ನನ್ನ ಮನೆಯ ಲೆಕ್ಕ ಕೇಳಿದರು. ಮೂರು ಎಂದೆ.
ಇರುವುದು ಐದು.

ಮತ್ತೆ ಒತ್ತಿದೆವು.
ನಾಲ್ಕು ದಿನ ಐದಾಯಿತು, ಏಳಾಯಿತು,
ಬ್ಯಾರಲ್ ಇಡಲು ಮನೆಗಳಲ್ಲಿ ಜಾಗ ಮುಗಿದು
ಹನ್ನೊಂದಕ್ಕೆ ನಿಂತಿತು.
ಹೊರಗೆ, ನಿಜವಾದ ಊರಲ್ಲಿ,
ಅಂದು ಹನ್ನೊಂದನೆಯ ದಿನ.
ಯಾರೂ ನಗಲಿಲ್ಲ.

ಟಾಕಿ ಇಮ್ಮಡಿ ಮಾಡಿ ನೋಡಿದೆವು:
ಎರಡು ತಿಂಗಳ ಸುಖ, ಆಮೇಲೆ ಅದೇ ಹಾಡು.
“ವಾರ ಗೊತ್ತು ಮಾಡ್ರಿ,” ಎಂದಳು ದಿಲ್ಶಾದ್,
“ಕಮ್ಮಿ ಬಿಟ್ರೂ ಅಡ್ಡಿಯಿಲ್ಲ, ವಾರ ತಪ್ಪಬಾರ್ದು.”
ಅಂಜಿಕೆಯ ಚೌಕದಿಂದ ಹೊರಕ್ಕೆ
ಸಣ್ಣದೊಂದು ಬಾಣ ಬಿತ್ತು.
ಗೆರೆ ಕೂಡಲೇ ಕೇಳಲಿಲ್ಲ.
ಬೀಗರಮನೆಯಲ್ಲಿ ಮುನಿದ ಹಿರಿಯರಂತೆ
ಎಷ್ಟೋ ದಿನ ಗಂಟುಮುಖ ಹಾಕಿ ಕೂತು
ಆಮೇಲೆ, ಯಾರೂ ನೋಡದಾಗ, ಇಳಿಯತೊಡಗಿತು.

ಪ್ರಿಂಟರಿನಲ್ಲಿ ಶಾಯಿಯಿಲ್ಲ.
ಗೆರೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೋದವಳು
ಮರುದಿನ ಅಪ್ಪನ ಉತ್ತರ ತಂದಳು:
“ವಾರ ಗೊತ್ತು ಮಾಡೋಣಂತ.
ಕರೆಂಟಿಗೆ ಯಾರು ಹೇಳ್ತಾರ ಕೇಳು ನಿಮ್ಮಕ್ಕೋರನ್ನ.”
ಹಲಗೆಯಲ್ಲಿ ಜಾಗ ಉಳಿದಿರಲಿಲ್ಲ.
ಆ ಚೌಕವನ್ನು ಗೋಡೆಯ ಮೇಲೆ ಬರೆದೆವು.

ರಾತ್ರಿ ಎರಡೂವರೆಗೆ ನಳ ಬಂತು.
ಐದನೆಯ ಬ್ಯಾರಲ್ಲಿನಲ್ಲಿ ಹಳೆಯ ನೀರು,
ಏನೂ ಕೆಟ್ಟಿರಲಿಲ್ಲ.
ತಂಬಿಗೆ ಹಿಡಿದು ಬಹಳ ಹೊತ್ತು ನಿಂತೆ.
ಅರ್ಧ ಚೆಲ್ಲಿದೆ.